ಸಾಫ್ಟ್‌ವೇರ್ ಪೇಟೆಂಟ್ ಮೇಲೆ ಜಗಳ ಆಡೋದು ಹೇಗೆ: ಮೊದಲು ಕ್ಲೇಮ್ ಓದಿ, ಆಮೇಲೆ ಫಾರ್ಮ್ 7ಎ

ಬೆಂಗಳೂರಿನ ಯಾವ ಐಟಿ ಆಫೀಸಾದ್ರೂ ಸರಿ, ಸಂಜೆ ಟೀ ಹೊತ್ತಿಗೆ "ಸಾಫ್ಟ್‌ವೇರ್ ಪೇಟೆಂಟ್" ಅಂತ ಒಂದು ಮಾತು ಸುಮ್ನೆ ಬಿಟ್ಟು ನೋಡಿ, ಲೋಟ ಖಾಲಿ ಆಗೋದ್ರೊಳಗೆ ಎರಡು ಪಾರ್ಟಿ ಆಗಿರುತ್ತೆ. ಒಂದು ಪಾರ್ಟಿ "ಎಲ್ಲಾ ಕಿತ್ತಾಕ್ಬೇಕು ಗುರೂ, ಸಾಫ್ಟ್‌ವೇರ್ ಅಂದ್ರೆ ಗಣಿತ, ಗಣಿತಕ್ಕೆ ಯಾರ್ ಓನರ್ರು" ಅನ್ನುತ್ತೆ. ಇನ್ನೊಂದು ಪಾರ್ಟಿ, ಅಂದ್ರೆ ಡೆಸ್ಕ್ ಮೇಲೆ ಪೇಟೆಂಟ್ ಫಲಕ ಇಟ್ಕೊಂಡಿರೋರು, "ಹಂಗಾದ್ರೆ ಯಾವನು ರಿಸರ್ಚ್ ಮಾಡ್ತಾನೆ" ಅನ್ನುತ್ತೆ. ಎರಡೂ ಪಾರ್ಟಿಯವರು ಒಂದೇ ಒಂದು ಪೇಟೆಂಟಿನ ಕ್ಲೇಮ್‌ನ, ಅಂದ್ರೆ ಹಕ್ಕು ಯಾವುದರ ಮೇಲೆ ಅಂತ ಹೇಳೋ ಸಾಲುಗಳನ್ನ, ಪೂರ್ತಿ ಓದಿರಲ್ಲ, ಬರೆದುಕೊಡ್ತೀನಿ ಬೇಕಾದ್ರೆ.

ನಾನೂ ಹಂಗೇ ಇದ್ದೆ. ಹಿಂದೆ ಕೆಲಸ ಮಾಡ್ತಿದ್ದ ಕಂಪನಿಯೊಂದರಲ್ಲಿ ಕ್ವಾರ್ಟರ್ ಮುಗಿಯೋ ಹೊತ್ತಿಗೆ ಮ್ಯಾನೇಜರ್ ಬಂದು "ಟೀಮಿಂದ ಎರಡು ಐಡಿಯಾ ಕೊಡ್ರಪ್ಪಾ, ಟಾರ್ಗೆಟ್ ಇದೆ" ಅನ್ನೋರು, ಫೈಲ್ ಆದ್ರೆ ಬೋನಸ್ಸು, ಗ್ರಾಂಟ್ ಆದ್ರೆ, ಅಂದ್ರೆ ಪೇಟೆಂಟ್ ಮಂಜೂರಾದ್ರೆ, ಫಲಕ. ನೆಟ್‌ವರ್ಕ್ ಇಲ್ದಿದ್ದಾಗ ಅಪ್‌ಲೋಡ್‌ನ ಮತ್ತೆ ಮತ್ತೆ ಟ್ರೈ ಮಾಡೋ ಒಂದು ಸಾಧಾರಣ ಐಡಿಯಾ ನಾನೂ ಕೊಟ್ಟೆ. ಆರು ತಿಂಗಳಾದ್ಮೇಲೆ ವಕೀಲರಿಂದ ಡ್ರಾಫ್ಟ್ ಬಂತು ನೋಡಿ, ಅದು ನನ್ನ ಐಡಿಯಾನೇ ಅಂತ ನಂಗೇ ಗುರುತು ಸಿಗಲಿಲ್ಲ! ನಮ್ಮ ಮಗೂನ ಬೇರೆಯವರ ಬಟ್ಟೆ ಹಾಕಿ ನಿಲ್ಸಿದಂಗಿತ್ತು. ಸೈನ್ ಹಾಕಿ ಕಳಿಸಿದೆ, ಇನ್ನೇನ್ ಮಾಡ್ಲಿ. ಆಮೇಲೆ ಪೇಟೆಂಟ್ ಕೆಲಸ ಮಾಡೋ ಪುತ್ತೂರು ಕಡೆಯ ಕ್ಲಾಸ್‌ಮೇಟ್ ಒಬ್ಬಳ ಜೊತೆ ಜಗಳ ಆಡಿ ಆಡಿ ಇದನ್ನ ಓದೋದು ಕಲಿತೆ. ನಾನು ಏನೇ ಹೇಳಿದ್ರೂ ಅವಳದ್ದು ಒಂದೇ ಪ್ರಶ್ನೆ, "ಡೇಟ್ ಎಲ್ಲುಂಟು ಮಾರಾಯ?" ಈ ಬರಹದ ಮುಕ್ಕಾಲು ಭಾಗ ಆ ಪ್ರಶ್ನೆಗೆ ಉತ್ತರ ಅಂದ್ಕೊಳ್ಳಿ, ಉಳಿದಿದ್ದು ಬೇರೆಯವರ ಅರ್ಜಿಗೆ ಪೇಟೆಂಟ್ ಆಫೀಸಲ್ಲಿ ವಿರೋಧ ಸಲ್ಲಿಸೋ ಫಾರ್ಮ್ 7ಎ ಬಗ್ಗೆ.

ಓದೋಕೆ ಶುರು ಮಾಡೋ ಮುಂಚೆ ಒಂದು ಎಚ್ಚರಿಕೆ. ಅಮೆರಿಕಾ ಮಾರ್ಕೆಟ್‌ಗೆ ಪ್ರಾಡಕ್ಟ್ ಮಾಡೋ ಕಂಪನಿಗಳು ಎಂಜಿನಿಯರ್‌ಗಳಿಗೆ "ಬೇರೆಯವರ ಪೇಟೆಂಟ್ ಓದಬೇಡಿ" ಅಂತ ಹೇಳಿರ್ತವೆ, ಅದು ಸುಮ್ನೆ ಹೆದರಿಸೋಕಲ್ಲ. ಗೊತ್ತಿದ್ದೂ ಗೊತ್ತಿದ್ದೂ ಉಲ್ಲಂಘನೆ ಮಾಡಿದ್ರು ಅಂತ ಸಾಬೀತಾದ್ರೆ ಅಲ್ಲಿನ ಕೋರ್ಟು ಪರಿಹಾರನ ಮೂರು ಪಟ್ಟಿನವರೆಗೂ ಏರಿಸಬಹುದು. ಜ್ಞಾನ ಹಂಚೋಕೆ ಅಂತ ಹುಟ್ಟಿದ ಕಾಗದನ ಓದಬೇಡಿ ಅನ್ನೋ ಸ್ಥಿತಿ ಬಂದಿದೆ ಅಂದ್ರೆ ವ್ಯವಸ್ಥೆ ಎಲ್ಲೋ ಕೆಟ್ಟಿದೆ ಅಂತ ಅರ್ಥ, ಇರಲಿ. ನೀವು ಅಂಥಾ ಕಡೆ ಕೆಲಸ ಮಾಡ್ತಿದ್ರೆ ನಿಮ್ಮ ಪ್ರಾಡಕ್ಟ್‌ಗೆ ಹತ್ತಿರದ ಪೇಟೆಂಟ್ ಮುಟ್ಟೋ ಮುಂಚೆ ಲೀಗಲ್ ಟೀಮ್‌ನ ಒಂದು ಮಾತು ಕೇಳಿ. ನಿಮ್ಮ ಕಂಪನಿದೇ ಅರ್ಜಿಗೆ ವಿರೋಧ ಹಾಕೋಕೆ ಹೋಗೋ ಸಾಹಸ ಅಂತೂ ಬೇಡ.

ಈಗ ಡಾಕ್ಯುಮೆಂಟ್. ನಮ್ಮ ದೇಶದ ಅರ್ಜಿಗಳು ಪೇಟೆಂಟ್ ಆಫೀಸಿನ ಇನ್‌ಪಾಸ್ ಅನ್ನೋ ಸರ್ಚ್ ಪುಟದಲ್ಲಿ ಸಿಗ್ತವೆ, ದುಡ್ಡಿಲ್ಲ, ಲಾಗಿನ್ ಇಲ್ಲ, ಕ್ಯಾಪ್ಚಾ ಒಂದು ಪ್ರಾಣ ತಿನ್ನುತ್ತೆ ಅಷ್ಟೇ. ಹೊರದೇಶದ್ದಕ್ಕೆ ಗೂಗಲ್ ಪೇಟೆಂಟ್ಸ್ ಸಾಕು. ಕೈಗೆ ಸಿಕ್ಕಿದ ತಕ್ಷಣ ಟೈಟಲ್ ಓದಿ ಉರಿದುಬೀಳಬೇಡಿ. ಟೆಕ್ಕಿಗಳು ಮಾಡೋ ಮೊದಲನೇ ತಪ್ಪೇ ಇದು, "ನೋಡ್ರೋ ನೋಡ್ರೋ, ಫೈಲ್ ಸೇವ್ ಮಾಡೋಕೂ ಪೇಟೆಂಟ್ ತಗೊಂಡಿದಾರೆ" ಅಂತ ಟೈಟಲ್ ಸ್ಕ್ರೀನ್‌ಶಾಟ್ ಹಾಕಿ ಸಾವಿರ ಲೈಕ್ ತಗೊಳ್ಳೋದು. ಟೈಟಲ್‌ಗೆ ಕಾನೂನಿನ ಬೆಲೆ ಇಲ್ಲ, ಸಾರಾಂಶಕ್ಕೂ ಹೆಚ್ಚು ಕಮ್ಮಿ ಇಲ್ಲ. ಬಾಕ್ಸು ಬಾಣದ ಚಿತ್ರಗಳು, ಮಧ್ಯದ ಇಪ್ಪತ್ತು ಪುಟದ ವಿವರಣೆ, ಇವೆಲ್ಲ ಕ್ಲೇಮ್‌ನ ಅರ್ಥ ಮಾಡ್ಕೊಳ್ಳೋಕೆ ಇರೋ ಸಹಾಯ ಸಾಮಗ್ರಿ. ಹಕ್ಕು ಇರೋದು ಕೊನೇಲಿ ನಂಬರ್ ಹಾಕಿ ಬರೆದಿರೋ ಕ್ಲೇಮ್‌ಗಳಲ್ಲಿ ಮಾತ್ರ. ಸೈಟ್ ಖರೀದಿಗೆ ಹೋದಾಗ ಬ್ರೋಷರ್‌ನಲ್ಲಿ ಈಜುಕೊಳ ಇದೆಯಾ ಅಂತ ನೋಡ್ತಾ ಕೂರಲ್ವಲ್ಲ, ಪತ್ರದಲ್ಲಿ ಚೆಕ್ಕುಬಂದಿ ಏನಿದೆ ಅಂತ ನೋಡ್ತೀವಿ, ಕ್ಲೇಮ್ ಅಂದ್ರೆ ಆ ಚೆಕ್ಕುಬಂದಿ.

ಕ್ಲೇಮ್‌ಗೆ ಹೋಗೋ ಮುಂಚೆ ಎರಡು ವಿಷಯ ಚೀಟಿಲಿ ಬರ್ಕೊಳ್ಳಿ. ಒಂದು, ಪ್ರಿಯಾರಿಟಿ ದಿನಾಂಕ. ಅರ್ಜಿ ಇಲ್ಲಿ ಹಾಕಿದ ದಿನ ಬೇರೆ, ಪ್ರಕಟ ಆದ ದಿನ ಬೇರೆ, ಗ್ರಾಂಟ್ ಆದ ದಿನ ಬೇರೆ, ಇವ್ಯಾವೂ ಅಲ್ಲ, ಜಗತ್ತಿನಲ್ಲಿ ಎಲ್ಲೇ ಆಗ್ಲಿ ಆ ಐಡಿಯಾಗೆ ಮೊದಲ ಅರ್ಜಿ ಬಿದ್ದ ದಿನ ಬೇಕು. ಈ ಐಡಿಯಾ ಮೊದಲೇ ಇತ್ತು ಅಂತ ತೋರಿಸೋಕೆ ನೀವು ತರೋ ಹಳೇ ಸಾಕ್ಷಿ ಆ ದಿನಕ್ಕಿಂತ ಹಿಂದಿಂದೇ ಆಗಿರ್ಬೇಕು. ಎಷ್ಟೋ ಜನ 2014ರ ಬ್ಲಾಗ್ ಹಿಡ್ಕೊಂಡು ಕುಣೀತಾರೆ, ನೋಡಿದ್ರೆ ಪ್ರಿಯಾರಿಟಿ 2011, ಮುಗೀತು ಕಥೆ. ಎರಡು, ಅರ್ಜಿಯ ಸ್ಥಿತಿ. ಪ್ರಕಟ ಆಗಿದೆಯಾ, ಪರೀಕ್ಷೆ ನಡೀತಿದೆಯಾ, ಗ್ರಾಂಟ್ ಆಗ್ಬಿಟ್ಟಿದೆಯಾ, ಇದನ್ನ ನೋಡಿಯೇ ಮುಂದಿನ ದಾರಿ ತೀರ್ಮಾನ ಆಗೋದು. ಇನ್‌ಪಾಸ್‌ನಲ್ಲಿ ಎಕ್ಸಾಮಿನರ್ ಕಳಿಸಿದ ಮೊದಲ ಪರೀಕ್ಷಾ ವರದಿನೂ ಸಿಗುತ್ತೆ, ಅರ್ಜಿದಾರರು ಕೊಟ್ಟ ಉತ್ತರನೂ ಸಿಗುತ್ತೆ, ದಯವಿಟ್ಟು ಓದಿ. ನೀವು ಎರಡು ರಾತ್ರಿ ಕೂತು ಹುಡುಕಿದ್ದನ್ನ ಎಕ್ಸಾಮಿನರ್ ಆಗ್ಲೇ ಹುಡುಕಿಟ್ಟಿರೋದು ಸಾಮಾನ್ಯ.

ಈಗ ಕ್ಲೇಮ್ ಕತ್ತರಿಸೋ ಕೆಲಸ, ಇದು ಇಡೀ ಕೆಲಸದ ಹೃದಯ, ಇಲ್ಲಿ ಅವಸರ ಬೇಡ. ಎಲ್ಲರಿಗೂ ಗೊತ್ತಿರೋ ಉದಾಹರಣೆ ತಗೊಳ್ಳೋಣ, ಅಮೆಜಾನ್‌ನ ಒನ್-ಕ್ಲಿಕ್, ಅಮೆರಿಕಾದ 5,960,411ನೇ ಪೇಟೆಂಟ್. 1997ರ ಸೆಪ್ಟೆಂಬರ್‌ನಲ್ಲಿ ಅರ್ಜಿ, 1999ರ ಸೆಪ್ಟೆಂಬರ್ 28ಕ್ಕೆ ಗ್ರಾಂಟ್, ಮುಂದಿನ ತಿಂಗಳೇ ಪುಸ್ತಕ ಮಾರೋ ಬಾರ್ನ್ಸ್ ಅಂಡ್ ನೋಬಲ್ ಕಂಪನಿ ಮೇಲೆ ಕೇಸು, ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ವ್ಯಾಪಾರದ ಹೊತ್ತಿಗೆ ಸರಿಯಾಗಿ ಕೋರ್ಟಿಂದ ತಡೆಯಾಜ್ಞೆ. "ಒಂದು ಸಲ ಕ್ಲಿಕ್ ಮಾಡೋದಕ್ಕೆ ಪೇಟೆಂಟ್" ಅಂತ ಎಲ್ಲರೂ ಬೈದಿದ್ದೇ ಬೈದಿದ್ದು. ಆದ್ರೆ ಒಂದನೇ ಕ್ಲೇಮ್‌ನ ನಿಧಾನಕ್ಕೆ ಬಿಡಿಸಿ ನೋಡಿ. ಗ್ರಾಹಕರ ಕಂಪ್ಯೂಟರಲ್ಲಿ ವಸ್ತುವಿನ ಮಾಹಿತಿ ತೋರಿಸ್ಬೇಕು, ಇದು ಒಂದು ತುಂಡು. ಒಂದೇ ಒಂದು ಕ್ರಿಯೆ ಮಾಡಿದ ತಕ್ಷಣ ಆರ್ಡರ್ ಕೋರಿಕೆ ಜೊತೆಗೆ ಕೊಳ್ಳೋರು ಯಾರು ಅನ್ನೋ ಗುರುತು ಸರ್ವರ್‌ಗೆ ಹೋಗ್ಬೇಕು, ಎರಡು. ಸರ್ವರ್ ಅದನ್ನ ತಗೊಂಡು ಆ ಗುರುತಿಗೆ ಮೊದಲೇ ಸೇವ್ ಮಾಡಿಟ್ಟಿರೋ ಮಾಹಿತಿನ ಎತ್ಕೋಬೇಕು, ಮೂರು. ಆ ಮಾಹಿತಿ ಬಳಸಿ ಆರ್ಡರ್ ತಯಾರು ಮಾಡಿ ವಸ್ತುನ ತಲುಪಿಸ್ಬೇಕು, ನಾಲ್ಕು. ಕೊನೇಲಿ ಬಾಲದ ಥರ ಒಂದಿದೆ: ಇದೆಲ್ಲ ಶಾಪಿಂಗ್ ಕಾರ್ಟ್ ಪದ್ಧತಿ ಇಲ್ದೇ ಆಗ್ಬೇಕು. ಐದು.

ಒಂದು ಎಕ್ಸೆಲ್ ಶೀಟ್ ತೆಗೆದು ಎಡಗಡೆ ಈ ಐದು ಸಾಲು ಹಾಕಿ, ಬಲಗಡೆ ನಿಮ್ಮ ಹಳೇ ಸಾಕ್ಷಿಲಿ ಅದು ಎಲ್ಲಿದೆ, ಯಾವ ಪುಟ, ಯಾವ ಪ್ಯಾರಾ ಅಂತ ತುಂಬಿಸಿ. ಒಂದೇ ಡಾಕ್ಯುಮೆಂಟ್‌ನಲ್ಲಿ ಐದಕ್ಕೆ ಐದೂ ಸಿಕ್ಕಿದ್ರೆ "ಹೊಸದಲ್ಲ" ಅಂತ ವಾದ ಮಾಡ್ಬಹುದು. ನಾಲ್ಕು ಸಿಕ್ಕಿ ಒಂದು ಬಿಟ್ಟೋದ್ರೆ ಹೊಸತನದ ವಾದ ಬಿತ್ತು, ಆಗ "ಇದು ಈ ಕ್ಷೇತ್ರದವರಿಗೆ ಸಹಜವಾಗಿ ಹೊಳೆಯೋದೇ" ಅನ್ನೋ ಎರಡನೇ ವಾದಕ್ಕೆ ಹೋಗ್ಬೇಕು. ಅದಕ್ಕೆ ಎರಡು ಮೂರು ಡಾಕ್ಯುಮೆಂಟ್ ಸೇರಿಸ್ಬಹುದು, ಆದ್ರೆ ಆ ಕಾಲದ ಒಬ್ಬ ಸಾಧಾರಣ ಎಂಜಿನಿಯರ್ ಅವನ್ನ ಯಾಕೆ ಸೇರಿಸ್ತಿದ್ದ ಅನ್ನೋ ಕಾರಣನೂ ನೀವೇ ಹೇಳ್ಬೇಕು. ಇವತ್ತು ಉತ್ತರ ನೋಡ್ಕೊಂಡು "ಅಯ್ಯೋ ಇಷ್ಟೇನಾ" ಅನ್ನೋದು ಸುಲಭ, ಪರೀಕ್ಷೆ ಮುಗಿದ್ಮೇಲೆ ಎಲ್ಲಾ ಲೆಕ್ಕನೂ ಸುಲಭವೇ.

ಒನ್-ಕ್ಲಿಕ್ ಕೇಸಲ್ಲಿ ಬಂದ ಹಳೇ ಸಾಕ್ಷಿಗಳಲ್ಲಿ ನಂಗೆ ಇಷ್ಟ ಆಗಿದ್ದು ಕಂಪ್ಯೂಸರ್ವ್ ಅನ್ನೋ ಅಮೆರಿಕಾದ ಆನ್‌ಲೈನ್ ಕಂಪನಿಯ ಟ್ರೆಂಡ್ ಅನ್ನೋ ಸೇವೆ. 90ರ ದಶಕದ ಮಧ್ಯದಲ್ಲಿ ಷೇರು ಬೆಲೆಯ ಚಾರ್ಟ್ ಬೇಕು ಅಂದ್ರೆ ಸ್ಕ್ರೀನ್ ಮೇಲಿನ ಬಟನ್ ಒಂದು ಸಲ ಒತ್ತಿದ್ರೆ ಸಾಕಿತ್ತು, 50 ಸೆಂಟ್ ನಿಮ್ಮ ಅಕೌಂಟ್‌ಗೆ ಬೀಳ್ತಿತ್ತು. 2001ರ ಫೆಬ್ರವರಿಲಿ ಮೇಲ್ಮನವಿ ಕೋರ್ಟು ಇಂಥಾ ಸಾಕ್ಷಿಗಳನ್ನ ನೋಡಿ, ಪೇಟೆಂಟಿನ ಸಿಂಧುತ್ವದ ಬಗ್ಗೆ ಗಟ್ಟಿ ಅನುಮಾನ ಇದೆ ಅಂತ ತಡೆಯಾಜ್ಞೆ ತೆಗೆದುಹಾಕ್ತು. ಹಾಗಂತ ಪೇಟೆಂಟ್ ಸಾಯ್ಲಿಲ್ಲ, ಇಬ್ಬರೂ 2002ರಲ್ಲಿ ರಾಜಿ ಆದ್ರು, ಆಮೇಲೆ ಮರುಪರೀಕ್ಷೆಲಿ ಕ್ಲೇಮ್ ಸ್ವಲ್ಪ ಕಿರಿದಾಗಿ ಬದುಕುಳೀತು, 2017ರಲ್ಲಿ ಆಯಸ್ಸು ಮುಗಿದು ತಾನಾಗೇ ಹೋಯ್ತು. ಇನ್ನೊಂದು ತಮಾಷೆ ಕೇಳಿ, 2000ನೇ ಇಸವಿಲಿ ಜೆಫ್ ಬೆಜೋಸ್ ಅವರೇ ಬಹಿರಂಗ ಪತ್ರ ಬರೆದು ಸಾಫ್ಟ್‌ವೇರ್ ಪೇಟೆಂಟಿನ ಅವಧಿ 3ರಿಂದ 5 ವರ್ಷ ಇದ್ರೆ ಸಾಕು ಅಂದಿದ್ರು. ಕೇಸ್ ಮಾತ್ರ ವಾಪಸ್ ತಗೊಳ್ಲಿಲ್ಲ!

ಹಳೇ ಸಾಕ್ಷಿ ಎಲ್ಲಿ ಹುಡುಕೋದು? ಟೆಕ್ಕಿಗಳಿಗೆ ವಕೀಲರಿಗಿಂತ ಜಾಸ್ತಿ ಶಕ್ತಿ ಇರೋದು ಇಲ್ಲೇ. ನಮಗೆ ಹಳೇ ಸಾಫ್ಟ್‌ವೇರ್ ಹುಚ್ಚು, ಮ್ಯಾನುಯಲ್ ಎಸೆಯಲ್ಲ, ಯಾವ ಪ್ರೋಟೋಕಾಲ್ ಯಾವಾಗ ಬಂತು ಅಂತ ನಿದ್ದೆಗಣ್ಣಲ್ಲೂ ಹೇಳ್ತೀವಿ. ಅಮೆರಿಕಾದಲ್ಲಿ ಪರ್ಸನಲ್ ಆಡಿಯೋ ಅನ್ನೋ ಕಂಪನಿ 1996ರ ಒಂದು ಅರ್ಜಿಯ ಬಾಲ ಹಿಡ್ಕೊಂಡು ಪಾಡ್‌ಕಾಸ್ಟ್ ಮಾಡೋದೇ ನಮ್ಮ ಹಕ್ಕು ಅಂತ ಬಂದಾಗ ಡಿಜಿಟಲ್ ಹಕ್ಕುಗಳಿಗೆ ಹೋರಾಡೋ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಷನ್ ಜನರ ಹತ್ರ ದುಡ್ಡೂ ಎತ್ತಿ, ಸಾಕ್ಷಿನೂ ಕೇಳಿ, 2013ರಲ್ಲಿ ಪೇಟೆಂಟ್ ಆಫೀಸಲ್ಲಿ ಸವಾಲು ಹಾಕ್ತು. ಸಿಕ್ಕಿದ ಸಾಕ್ಷಿಲಿ ಸಿಎನ್‌ಎನ್ ಮತ್ತು ಕೆನಡಾದ ಸಿಬಿಸಿ ಅದಕ್ಕೂ ಮುಂಚೆನೇ ಇಂಟರ್ನೆಟ್ ಮೇಲೆ ಕಂತು ಕಂತಾಗಿ ಕಾರ್ಯಕ್ರಮ ಹಾಕ್ತಿದ್ದಿದ್ದು ಇತ್ತು, ಕಾರ್ಲ್ ಮಲಮುದ್ ಅವರ ಇಂಟರ್ನೆಟ್ ರೇಡಿಯೋ ಕಾರ್ಯಕ್ರಮನೂ ಇತ್ತು, ಅದರ ಹೆಸರೇ "ಗೀಕ್ ಆಫ್ ದಿ ವೀಕ್". 2015ರ ಏಪ್ರಿಲ್‌ನಲ್ಲಿ ಆ ಕ್ಲೇಮ್‌ಗಳು ಬಿದ್ವು, 2017ರಲ್ಲಿ ಮೇಲ್ಮನವಿಲೂ ಅದೇ ತೀರ್ಪು.

ನಮ್ಮ ಮನೇಲೇ ಇರೋ ಸರಕು ನೋಡಿ. ನಾಳೆ ಯಾರೋ "ಇಂಗ್ಲಿಷ್ ಕೀ ಒತ್ತಿದ್ರೆ ಉಚ್ಚಾರಣೆಗೆ ತಕ್ಕಂತೆ ಭಾರತೀಯ ಭಾಷೆಯ ಅಕ್ಷರ ಮೂಡಿಸೋ ವಿಧಾನ" ಅಂತ ಅರ್ಜಿ ಹಾಕಿದ್ರು ಅಂದ್ಕೊಳ್ಳಿ, 1998ರಲ್ಲಿ ಮೊದಲು ಬಂದ "ಬರಹ" ತಂತ್ರಾಂಶದ ಹೆಲ್ಪ್ ಫೈಲ್ ತೆಗೆದು ಮುಂದಿಟ್ರೆ ಸಾಕು. ಆದ್ರೆ ಅಲ್ಲೂ ಪುತ್ತೂರಿನವಳ ಪ್ರಶ್ನೆ ಬರುತ್ತೆ. "ನಾನು ಕಾಲೇಜಲ್ಲಿ ಬಳಸಿದ್ದೆ" ಅಂದ್ರೆ ಆಗಲ್ಲ. ಡೇಟ್ ಇರೋ ಸಿಡಿ, ಡೇಟ್ ಇರೋ ಪತ್ರಿಕೆಯ ರಿವ್ಯೂ, ಹಳೇ ವೆಬ್ ಪುಟ ಕಾಪಾಡಿಡೋ ವೇಬ್ಯಾಕ್ ಮಷೀನ್‌ನಲ್ಲಿ ಉಳಿದಿರೋ ಡೌನ್‌ಲೋಡ್ ಪುಟ, ಇಂಥದ್ದು ಬೇಕು. ನಾನು ಒಂದ್ಸಲ ದೊಡ್ಡದಾಗಿ ಎದೆ ಉಬ್ಬಿಸ್ಕೊಂಡು ಗಿಟ್ ಕಮಿಟ್, ಅಂದ್ರೆ ಕೋಡ್ ಬದಲಾವಣೆಯ ದಾಖಲೆ, ತೋರಿಸಿದೆ, ನೋಡು 2009, ಅಂತ. ಅವಳು ಲ್ಯಾಪ್‌ಟಾಪ್ ತಗೊಂಡು ಒಂದೇ ಕಮ್ಯಾಂಡಲ್ಲಿ 1985ರ ತಾರೀಖಿನ ಕಮಿಟ್ ಮಾಡಿ ನನ್ನ ಕೈಗೇ ಕೊಟ್ಟಳು. ಗಿಟ್ ಹುಟ್ಟಿದ್ದು 2005ರಲ್ಲಿ! ಕಮಿಟ್ ತಾರೀಖನ್ನ ಯಾರು ಬೇಕಾದ್ರೂ ಬರೀಬಹುದು, ಹಂಗಾಗಿ ಅದೊಂದನ್ನೇ ನಂಬ್ಕೊಂಡು ಹೋಗ್ಬೇಡಿ. ಬೇರೆಯವರ ಕೈಲಿರೋ ತಾರೀಖು ಹುಡುಕಿ: ಡೆಬಿಯನ್ ಲಿನಕ್ಸ್‌ನಂಥ ಕಡೆ ಸೇರಿದ ಪ್ಯಾಕೇಜು, ತಿಂಗಳು ವರ್ಷ ನಮೂದಿಸಿರೋ ಆರ್‌ಎಫ್‌ಸಿ (ಇಂಟರ್ನೆಟ್ ಪ್ರೋಟೋಕಾಲ್‌ಗಳ ದಾಖಲೆ), ಆರ್ಕೈವ್ ಅನ್ನೋ ಸಂಶೋಧನಾ ಪೇಪರ್‌ಗಳ ಸೈಟ್‌ಗೆ ಹಾಕಿದ ಪೇಪರ್, ಕಾನ್ಫರೆನ್ಸ್ ನಡಾವಳಿ, ಲೈಬ್ರರಿ ಸೀಲ್ ಬಿದ್ದಿರೋ ಪುಸ್ತಕ.

ಇದು ಬರೀ ಸಾಫ್ಟ್‌ವೇರ್ ವಿಷಯ ಅಲ್ಲ. ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗೆ 1995ರಲ್ಲಿ ಪೇಟೆಂಟ್ ಸಿಕ್ಕಿದ್ದು ಎಲ್ಲರಿಗೂ ನೆನಪಿದೆ, "ನಮ್ಮಜ್ಜಿ ಹಚ್ಚುತ್ತಿದ್ರು" ಅಂತ ಇಡೀ ದೇಶ ಬಾಯಿ ಬಡ್ಕೊಂತು. ಆದ್ರೆ ಅಜ್ಜಿ ಮಾತು ಫೈಲಿಗೆ ಸೇರಲ್ಲ ನೋಡಿ. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ನವರು ಹಳೇ ಗ್ರಂಥಗಳ ಜೊತೆಗೆ 1953ರ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಜರ್ನಲ್‌ನ ಲೇಖನನೂ ಹುಡುಕಿ ಕೊಟ್ಟ ಮೇಲೆ 1997ರಲ್ಲಿ ರದ್ದಾಯ್ತು. ಅಜ್ಜಿಗೂ ಡೇಟ್ ಬೇಕು ಸ್ವಾಮಿ.

ಈಗ ನಮ್ಮ ಕಾನೂನು. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಗಣಿತದ ವಿಧಾನ, ವ್ಯಾಪಾರ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ "ಪರ್ ಸೆ", ಅಲ್ಗಾರಿದಂ, ಇವಕ್ಕೆ ಪೇಟೆಂಟ್ ಇಲ್ಲ. 2002ರ ತಿದ್ದುಪಡಿಲಿ ಬಂದ ಸಾಲು ಇದು. ಆ "ಪರ್ ಸೆ" ಅಂದ್ರೆ ಬರೀ ಪ್ರೋಗ್ರಾಂ ಅಷ್ಟೇ ಆದ್ರೆ ಇಲ್ಲ, ಅದರ ಜೊತೆ ಬೇರೇನಾದ್ರೂ ನಿಜವಾದ ಆವಿಷ್ಕಾರ ಇದ್ರೆ ನೋಡೋಣ ಅಂತ. ಇಪ್ಪತ್ತು ವರ್ಷದಿಂದ ಈ ಎರಡು ಪದದ ಮೇಲೇ ಕುಸ್ತಿ ನಡೀತಿರೋದು. 2004ರ ಡಿಸೆಂಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಕೈಗಾರಿಕೆಯಲ್ಲಿ ತಾಂತ್ರಿಕ ಬಳಕೆ ಇದ್ರೆ ಅಥವಾ ಹಾರ್ಡ್‌ವೇರ್ ಜೊತೆ ಸೇರಿದ್ರೆ ಕೊಡಬಹುದು ಅಂತ ಬಾಗಿಲು ತೆರೀತು, 2005ರಲ್ಲಿ ಸಂಸತ್ತಿಗೆ ಬಂದಾಗ ಆ ಮಾತು ಬಿದ್ದೋಯ್ತು. ಆಮೇಲೆ ಅದೇ ಜಗಳ ಪೇಟೆಂಟ್ ಆಫೀಸಿನ ಮಾರ್ಗಸೂಚಿಗೆ ಶಿಫ್ಟ್ ಆಯ್ತು. 2015ರ ಆಗಸ್ಟ್‌ನಲ್ಲಿ ಸಡಿಲ ಮಾಡಿದ್ರು, ಫ್ರೀ ಸಾಫ್ಟ್‌ವೇರ್ ಗುಂಪುಗಳು, ಸ್ಟಾರ್ಟಪ್‌ನವರು ಎಲ್ಲಾ ಪತ್ರ ಬರೆದ್ರು, ಡಿಸೆಂಬರ್‌ನಲ್ಲಿ ತಡೆಹಿಡಿದ್ರು. 2016ರ ಫೆಬ್ರವರಿಲಿ ಹೊಸ ಹಾರ್ಡ್‌ವೇರ್ ಇಲ್ದಿದ್ರೆ ಇಲ್ಲ ಅಂತ ಬಿಗಿ ಮಾಡಿದ್ರು, 2017ರ ಜೂನ್‌ನಲ್ಲಿ ಆ ಷರತ್ತು ತೆಗೆದ್ರು. 2019ರಲ್ಲಿ ಫರೀದ್ ಅಲ್ಲಾನಿ ಕೇಸಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮ ತೋರಿಸಿದ್ರೆ ಪ್ರೋಗ್ರಾಂ ಇದೆ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕೋ ಹಾಗಿಲ್ಲ ಅಂತು.

ಹಂಗಾಗಿ "ಇಂಡಿಯಾದಲ್ಲಿ ಸಾಫ್ಟ್‌ವೇರ್ ಪೇಟೆಂಟೇ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಕೊಡ್ತಾರೆ, "ಒಂದು ಪ್ರೊಸೆಸರ್, ಅದಕ್ಕೆ ಜೋಡಿಸಿದ ಒಂದು ಮೆಮೊರಿ" ಅಂತ ಶುರುವಾಗೋ ಕ್ಲೇಮ್‌ಗಳು ಬೇಕಾದಷ್ಟಿವೆ. ನೀವು ವಿರೋಧ ಬರೆಯುವಾಗ ಮಾಡ್ಬೇಕಾದ್ದು ಇಷ್ಟು: ಆ ಪ್ರೊಸೆಸರ್ ಮೆಮೊರಿ ಅಲಂಕಾರನೆಲ್ಲ ಪಕ್ಕಕ್ಕಿಟ್ಟು, ಇದರಲ್ಲಿ ಹೊಸದಾಗಿ ಸೇರಿದ್ದೇನು ಅಂತ ಒಂದೇ ವಾಕ್ಯದಲ್ಲಿ ಬರೀರಿ. ಡಿಸ್ಕ್ ಕಮ್ಮಿ ಓದುತ್ತೆ, ಮೆಮೊರಿ ಉಳಿಸುತ್ತೆ, ಡೇಟಾ ಚೆನ್ನಾಗಿ ಕುಗ್ಗಿಸುತ್ತೆ, ಹೀಗೆ ಮಷೀನ್‌ಗೆ ಏನೋ ಆಗುತ್ತೆ ಅಂದ್ರೆ ಅವರ ವಾದಕ್ಕೆ ಬಲ ಇದೆ, ಒಪ್ಕೊಳ್ಳಿ. ಹೊಸದು ಅನ್ನೋದು ಡಿಸ್ಕೌಂಟ್ ಹೆಂಗೆ ಲೆಕ್ಕ ಹಾಕ್ಬೇಕು, ಯಾರಿಗೆ ಕೂಪನ್ ಕೊಡ್ಬೇಕು ಅನ್ನೋದಷ್ಟೇ ಆಗಿದ್ರೆ ಅದು ವ್ಯಾಪಾರ ವಿಧಾನ. ಇಲ್ಲೊಂದು ಗಟ್ಟಿ ಪಾಯಿಂಟ್ ಇದೆ, "ಪರ್ ಸೆ" ಅನ್ನೋ ವಿನಾಯಿತಿ ಇರೋದು ಕಂಪ್ಯೂಟರ್ ಪ್ರೋಗ್ರಾಂಗೆ ಮಾತ್ರ, ವ್ಯಾಪಾರ ವಿಧಾನಕ್ಕೆ ಇಲ್ಲ. 2023ರ ಓಪನ್‌ಟಿವಿ ಕೇಸಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಹೇಳಿದೆ, ಆದ್ರೆ ಈ ನಿಷೇಧನ ಮತ್ತೆ ಯೋಚನೆ ಮಾಡ್ಬೇಕು ಅಂತಲೂ ಅದೇ ತೀರ್ಪಲ್ಲಿದೆ, ಎದುರು ಪಾರ್ಟಿ ಅದನ್ನ ಓದಿರುತ್ತೆ, ನೀವೂ ಓದ್ಕೊಂಡಿರಿ.

ಇನ್ನು ಫಾರ್ಮ್. ಸೆಕ್ಷನ್ 25(1) ಪ್ರಕಾರ ಅರ್ಜಿ ಪ್ರಕಟ ಆದ್ಮೇಲೆ, ಗ್ರಾಂಟ್ ಆಗೋ ಮುಂಚೆ, ಯಾರು ಬೇಕಾದ್ರೂ ವಿರೋಧ ಸಲ್ಲಿಸಬಹುದು. ಯಾರು ಬೇಕಾದ್ರೂ ಅಂದ್ರೆ ನಿಜವಾಗ್ಲೂ ಯಾರು ಬೇಕಾದ್ರೂ, ಕಂಪನಿ ಆಗಿರ್ಬೇಕಿಲ್ಲ, ವಕೀಲರಾಗಿರ್ಬೇಕಿಲ್ಲ. ಕ್ಷಯರೋಗದ ಔಷಧಿ ಬೆಡಾಕ್ವಿಲಿನ್‌ಗೆ ಜಾನ್ಸನ್ ಅಂಡ್ ಜಾನ್ಸನ್ ಕೇಳಿದ್ದ ಎರಡನೇ ಸುತ್ತಿನ ಪೇಟೆಂಟ್‌ಗೆ ವಿರೋಧ ಹಾಕಿದೋರಲ್ಲಿ ಕ್ಷಯ ಗೆದ್ದು ಬಂದಿದ್ದ ಇಬ್ಬರು ಹೆಣ್ಮಕ್ಕಳಿದ್ರು, ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ತಿಸಿಲೆ. 2023ರ ಮಾರ್ಚ್‌ನಲ್ಲಿ ಆ ಅರ್ಜಿ ತಿರಸ್ಕಾರ ಆಯ್ತು. ಔಷಧಿಯವರು ಈ ಬಾಗಿಲನ್ನ ಇಷ್ಟು ಚೆನ್ನಾಗಿ ಬಳಸ್ಕೊಂಡಿದಾರೆ, ಸಾಫ್ಟ್‌ವೇರ್ ಊರಲ್ಲಿ ಕೂತಿರೋ ನಾವು ಬರೀ ಮೀಮ್ ಮಾಡ್ಕೊಂಡಿದ್ದೀವಿ, ಹೇಳೋಕೆ ನಾಚಿಕೆ ಆಗುತ್ತೆ.

ಗ್ರಾಂಟ್ ಆಗಿಹೋದ್ರೆ ಒಂದು ವರ್ಷದೊಳಗೆ ಸೆಕ್ಷನ್ 25(2) ಇದೆ, ಆದ್ರೆ ಅಲ್ಲಿ ನಿಮಗೆ ಆ ವಿಷಯದಲ್ಲಿ ಹಿತಾಸಕ್ತಿ ಇದೆ ಅಂತ ತೋರಿಸ್ಬೇಕು. ಹಂಗಾಗಿ ಮುಂಚೆನೇ ಹಾಕೋದು ವಾಸಿ. ಫಾರ್ಮ್ 7ಎ ತಗೊಳ್ಳಿ, ಆನ್‌ಲೈನ್ ಹಾಕೋದಾದ್ರೆ ಡಿಜಿಟಲ್ ಸಿಗ್ನೇಚರ್ ಬೇಕು. ಮೊದಲು ಇದಕ್ಕೆ ಫೀಸೇ ಇರಲಿಲ್ಲ, 2024ರ ಮಾರ್ಚ್‌ನ ನಿಯಮ ತಿದ್ದುಪಡಿಲಿ ಫೀಸ್ ಇಟ್ರು, ಜೊತೆಗೆ ನಿಮ್ಮ ವಿರೋಧನ ವಿಚಾರಣೆಗೆ ತಗೋಬಹುದಾ ಇಲ್ವಾ ಅಂತ ಕಂಟ್ರೋಲರ್, ಅಂದ್ರೆ ತೀರ್ಮಾನ ಕೊಡೋ ಪೇಟೆಂಟ್ ಆಫೀಸಿನ ಅಧಿಕಾರಿ, ಮೊದಲೇ ನೋಡ್ತಾರೆ. ಬಾಡಿಗೆ ವಿರೋಧಿಗಳು ಬೇಕಂತಲೇ ಒಂದರ ಹಿಂದೆ ಒಂದು ಹಾಕಿ ಎಳೆದಾಡ್ತಿದ್ರು ಅನ್ನೋದು ಅದಕ್ಕೆ ಕೊಟ್ಟ ಕಾರಣ, ಅದರಲ್ಲಿ ಸುಳ್ಳಿಲ್ಲ, ಆದ್ರೆ ಒಬ್ಬೊಬ್ಬರೇ ಹಾಕೋರಿಗೂ ಸೇರಿಸಿ ಬಿತ್ತು ಏಟು. ಈಗಿನ ಮೊತ್ತ ಎಷ್ಟು ಅಂತ ನಿಯಮಗಳ ಮೊದಲ ಅನುಸೂಚಿಲಿ ನೋಡ್ಕೊಳ್ಳಿ. ವಿರೋಧ ಹೋಗ್ಬೇಕಾದ್ದು ಆ ಅರ್ಜಿ ಇರೋ ಆಫೀಸಿಗೆ, ಕರ್ನಾಟಕದಿಂದ ಬಿದ್ದ ಅರ್ಜಿ ಆದ್ರೆ ಅದು ಚೆನ್ನೈ, ಬೆಂಗಳೂರಲ್ಲಿ ಪೇಟೆಂಟ್ ಆಫೀಸ್ ಇಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಒಳಗೆ ಏನ್ ಬರೀಬೇಕು ಅಂದ್ರೆ, ಹನ್ನೊಂದು ಆಧಾರಗಳಿವೆ, ನಮಗೆ ಕೆಲಸಕ್ಕೆ ಬರೋದು ನಾಲ್ಕು: ಮೊದಲೇ ಪ್ರಕಟ ಆಗಿದೆ, ದೇಶದಲ್ಲಿ ಮೊದಲೇ ಎಲ್ಲರಿಗೂ ಗೊತ್ತಿತ್ತು ಅಥವಾ ಬಳಕೇಲಿತ್ತು, ಸಹಜವಾಗಿ ಹೊಳೆಯೋದು, ಮತ್ತೆ 3(ಕೆ) ಥರದ ನಿಷೇಧಕ್ಕೆ ಒಳಪಟ್ಟಿದೆ. ವಿವರಣೆ ಸಾಲದು ಅನ್ನೋ ಆಧಾರನೂ ಇದೆ, ಎಂಜಿನಿಯರ್‌ಗಳು ಅದನ್ನ ಮರೀತಾರೆ. "ಮಷೀನ್ ಲರ್ನಿಂಗ್ ಮಾಡೆಲ್ ಬಳಸಿ ತೀರ್ಮಾನಿಸೋದು" ಅಂತ ಒಂದು ಬಾಕ್ಸ್ ಬರೆದು ಒಳಗೆ ಏನಿದೆ ಅಂತ ಹೇಳದೇ ಇದ್ರೆ, ಇದನ್ನ ಓದಿ ನಾನು ಕೋಡ್ ಬರೆಯೋಕಾಗಲ್ಲ, ಯಾಕಾಗಲ್ಲ ಅಂದ್ರೆ ಇಂಥಿಂಥ ಮಾಹಿತಿ ಇಲ್ಲ ಅಂತ ಬರೀರಿ, ಆ ಮಾತು ವಕೀಲರಿಗಿಂತ ನಿಮ್ಮ ಬಾಯಲ್ಲಿ ತೂಕ ಇರುತ್ತೆ. ಆ ಎಕ್ಸೆಲ್ ಶೀಟ್‌ನೇ ಟೇಬಲ್ ಮಾಡಿ ಅಂಟಿಸಿ. ಭಾಷಣ ಬೇಡ. ಕಂಪನಿ ಎಷ್ಟು ದುರಾಸೆದು, ಪೇಟೆಂಟ್ ವ್ಯವಸ್ಥೆ ಎಷ್ಟು ಕೆಟ್ಟದ್ದು ಅನ್ನೋದು ಕಂಟ್ರೋಲರ್‌ಗೆ ಬೇಕಿಲ್ಲ. ಹಿಯರಿಂಗ್ ಬೇಕು ಅಂತ ಅದರಲ್ಲೇ ಕೇಳ್ಕೊಳ್ಳಿ.

ಈಗ ಟೀ ಟೇಬಲ್‌ಗೆ ವಾಪಸ್ ಬರೋಣ, ಅಲ್ಲಿನ ವಾದನೂ ಸ್ವಲ್ಪ ಸುಧಾರಿಸ್ಬೇಕು. "ನಾನು ಇದನ್ನ ಒಂದು ವೀಕೆಂಡಲ್ಲಿ ಬರೀತೀನಿ" ಅನ್ನೋದನ್ನ ಬಿಟ್ಬಿಡಿ, ಬರೆಯೋಕೆ ಎಷ್ಟು ಹೊತ್ತು ಅನ್ನೋದು ಪ್ರಶ್ನೆನೇ ಅಲ್ಲ, ಹೊಳೆಯೋಕೆ ಎಷ್ಟು ಕಷ್ಟ ಇತ್ತು ಅನ್ನೋದು ಪ್ರಶ್ನೆ. "ಸಾಫ್ಟ್‌ವೇರ್ ಎಲ್ಲಾ ಗಣಿತ" ಅನ್ನೋದನ್ನೂ ಹುಷಾರಾಗಿ ಬಳಸಿ. ಆರ್‌ಎಸ್‌ಎ ಗೂಢಲಿಪಿ ಶುದ್ಧ ಗಣಿತನೇ, ಅದಕ್ಕೂ ಅಮೆರಿಕಾದಲ್ಲಿ ಪೇಟೆಂಟ್ ಇತ್ತು, 2000ದಲ್ಲಿ ಮುಗೀತು, ಆದ್ರೆ ಅದು ಹೊಳೆಯೋಕೆ ಸುಲಭವಾಗಿತ್ತು ಅಂತ ಯಾವ ಮರ್ಯಾದಸ್ಥ ಟೆಕ್ಕಿನೂ ಹೇಳಲ್ಲ. ಬೇಕಿದ್ರೆ ಜಿಫ್ ಕಥೆ ಹೇಳಿ: ಎಲ್ಲರೂ ಫ್ರೀ ಅಂದ್ಕೊಂಡು ಬಳಸ್ತಿದ್ದ ಜಿಫ್ ಅನ್ನೋ ಚಿತ್ರದ ಫಾರ್ಮ್ಯಾಟ್ ಒಳಗಿನ, ಡೇಟಾ ಕುಗ್ಗಿಸೋ ಎಲ್‌ಝಡ್‌ಡಬ್ಲ್ಯೂ ಅಲ್ಗಾರಿದಂ ನಮ್ಮದು, ದುಡ್ಡು ಕೊಡಿ ಅಂತ ಯೂನಿಸಿಸ್ ಕಂಪನಿ ಹೊರಟಿದ್ದು 1994ರ ಕೊನೇಲಿ, ಸಿಟ್ಟಿಗೆದ್ದ ಗೀಕ್‌ಗಳು ಕೂತು 1995ರಲ್ಲಿ ಪಿಎನ್‌ಜಿ ಅನ್ನೋ ಹೊಸ ಫಾರ್ಮ್ಯಾಟೇ ಮಾಡಿದ್ರು, ಅದು ಜಿಫ್‌ಗಿಂತ ಚೆನ್ನಾಗೂ ಬಂತು. ಪೇಟೆಂಟ್ ಪರ ಇರೋರು ಇದನ್ನೇ ಹಿಡ್ಕೊಂಡು "ನೋಡಿ, ಪೇಟೆಂಟಿಂದಲೇ ಹೊಸದು ಹುಟ್ತು" ಅಂತಾರೆ, ಅದಕ್ಕೂ ಉತ್ತರ ರೆಡಿ ಇಟ್ಕೊಳ್ಳಿ. ನಂದು ಏನಪ್ಪಾ ಅಂದ್ರೆ, ಕಾಲು ಮುರಿಸ್ಕೊಂಡೋನು ಊರುಗೋಲು ಕಂಡುಹಿಡಿದ ಅಂತ ಕಾಲು ಮುರಿದೋ‌ನಿಗೆ ಸನ್ಮಾನ ಮಾಡಲ್ಲ.

ಫಲಕ ಇಟ್ಕೊಂಡಿರೋ ಸಹೋದ್ಯೋಗಿನ ಅವಮಾನ ಮಾಡ್ಬೇಡಿ, ಅವನಿಗೂ ಮನೆ ಸಾಲ ಇದೆ, ಅಪ್ರೈಸಲ್ ಇದೆ. ಬದಲಿಗೆ "ನಿನ್ನ ಒಂದನೇ ಕ್ಲೇಮ್ ಓದಿ ಅರ್ಥ ಹೇಳೋ" ಅಂತ ಪ್ರೀತಿಯಿಂದ ಕೇಳಿ. ನನ್ನ ಅನುಭವದಲ್ಲಿ ಅರ್ಧ ಜಗಳ ಅಲ್ಲೇ ಮುಗಿಯುತ್ತೆ, ಇಬ್ಬರೂ ಸೇರಿ ವಕೀಲರನ್ನ ಬೈಯೋಕೆ ಶುರು ಮಾಡ್ತೀರಿ.

ಬದಲಾವಣೆ ಕೇಳೋರಿಗೆ ಒಂದು ಮಾತು, ಯಾರ ಹತ್ರ ಏನು ಕೇಳ್ಬೇಕು ಅಂತ ತಿಳ್ಕೊಂಡು ಕೇಳಿ. "ಸಾಫ್ಟ್‌ವೇರ್‌ಗೆ 20 ವರ್ಷ ಬೇಡ, 5 ಸಾಕು" ಅಂತ ಭಾರತ ಸರ್ಕಾರಕ್ಕೆ ಬರೆದು ಪ್ರಯೋಜನ ಕಮ್ಮಿ, ಪೇಟೆಂಟ್ ಕೊಟ್ರೆ ಅರ್ಜಿ ದಿನದಿಂದ 20 ವರ್ಷ ಅಂತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದಲ್ಲೇ ಬರ್ಕೊಟ್ಟು ಕೂತಿದ್ದೀವಿ. ಆ ಒಪ್ಪಂದ ಇನ್ನೂ ಡಂಕೆಲ್ ಕರಡು ಆಗಿದ್ದಾಗಲೇ, 1992ರ ಕೊನೇಲಿ, ನಮ್ಮ ರೈತ ಸಂಘದವರು ಬೀಜದ ಪೇಟೆಂಟ್ ವಿಷಯಕ್ಕೆ ಕಾರ್ಗಿಲ್ ಅನ್ನೋ ಬೀಜದ ಕಂಪನಿಯ ಬೆಂಗಳೂರು ಆಫೀಸಿಗೆ ನುಗ್ಗಿ ಫೈಲುಗಳನ್ನ ರಸ್ತೆಗೆ ಎಸೆದಿದ್ರು, ಐಟಿಯವರು ಆ ಹೊತ್ತಿಗಿನ್ನೂ ಕಣ್ಣೇ ಬಿಟ್ಟಿರಲಿಲ್ಲ. ಈಗ ನಮ್ಮ ಕೈಗೆಟುಕೋದು ನಿಯಮ ಮತ್ತು ಮಾರ್ಗಸೂಚಿ. ನಿಯಮ ಬದಲಿಸೋಕೆ ಮುಂಚೆ ಕರಡು ಪ್ರಕಟ ಮಾಡಿ ಆಕ್ಷೇಪಣೆ ಕೇಳ್ತಾರೆ, 2024ರ ತಿದ್ದುಪಡಿಯ ಕರಡು 2023ರ ಆಗಸ್ಟ್‌ನಲ್ಲಿ ಬಂದಿತ್ತು, 30 ದಿನ ಟೈಮ್ ಇತ್ತು. ಅಂಥಾ ಹೊತ್ತಲ್ಲಿ ಎರಡು ಪುಟ ಸಾಕು: ಯಾವ ನಿಯಮದ ಯಾವ ಉಪನಿಯಮ, ಈಗಿನ ಮಾತು ಇದು, ಬದಲಿಗೆ ಈ ಮಾತು ಹಾಕಿ, ಯಾಕಂದ್ರೆ ಈ ಒಂದು ಅರ್ಜಿಲಿ ಹೀಗಾಯ್ತು ನೋಡಿ. ಕೋಡ್‌ಗೆ ತಿದ್ದುಪಡಿ ಕಳಿಸೋ ಪುಲ್ ರಿಕ್ವೆಸ್ಟ್ ಹಾಕಿದಂಗೆ, ಡಿಫ್ ಕೊಡಿ, ಅಂದ್ರೆ ಹಳೇದು ಏನು ಹೊಸದು ಏನು ಅಂತ ತೋರಿಸಿ. ನಾನಾಗಿದ್ರೆ ಕೇಳೋದು ಎರಡೇ, ಒಂಟಿಯಾಗಿ ಹಾಕೋರಿಗೆ ವಿರೋಧದ ಫೀಸ್ ತೆಗೀರಿ, ಮತ್ತೆ ಕಂಪ್ಯೂಟರ್ ಸಂಬಂಧಿ ಅರ್ಜಿಲಿ ಓದಿ ಪ್ರೋಗ್ರಾಂ ಬರೆಯೋಕಾಗೋ ಮಟ್ಟದ ಸೂಡೋಕೋಡ್ (ಪ್ರೋಗ್ರಾಂನ ಹೆಜ್ಜೆಗಳನ್ನ ಸರಳ ಮಾತಲ್ಲಿ ಬರೆದಿದ್ದು) ಕಡ್ಡಾಯ ಮಾಡಿ.

ಇದೆಲ್ಲ ಜಾಸ್ತಿ ಆಯ್ತು ಅನ್ನೋರಿಗೆ ಒಂದು ಸಣ್ಣ ಕೆಲಸ ಇದೆ. ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ ಬರುತ್ತೆ, ಪಿಡಿಎಫ್, ಫ್ರೀ. ಮೊದಲ ಅರ್ಜಿ ಬಿದ್ದು 18 ತಿಂಗಳಾದವು ಅದರಲ್ಲಿರ್ತವೆ, ಬೇಗ ಪ್ರಕಟ ಮಾಡಿ ಅಂತ ಕೇಳ್ಕೊಂಡವೂ ಇರ್ತವೆ. ಪುಟ ಜಾಸ್ತಿ ಅಂತ ಹೆದರ್ಬೇಡಿ, ಜಿ06 ಅಂತ ಶುರುವಾಗೋ ವರ್ಗದ ಸಂಖ್ಯೆ ಕಂಟ್ರೋಲ್-ಎಫ್ ಹಾಕಿ ಹುಡುಕಿ, ಕಂಪ್ಯೂಟರ್ ಸಂಬಂಧಿ ಅರ್ಜಿಗಳು ಬಹಳಷ್ಟು ಅದರಲ್ಲೇ ಸಿಗ್ತವೆ. ನಿಮಗೆ ಚೆನ್ನಾಗಿ ಗೊತ್ತಿರೋ ವಿಷಯದ್ದು ಒಂದೇ ಒಂದು ಆರಿಸಿ, ಅರ್ಜಿ ನಂಬರ್ ಬರ್ಕೊಂಡು ಇನ್‌ಪಾಸ್‌ಗೆ ಹೋಗಿ ಒಂದನೇ ಕ್ಲೇಮ್ ತೆಗೀರಿ, ಎಕ್ಸೆಲ್‌ನಲ್ಲಿ ಎಡಗಡೆ ಕಾಲಂ ತುಂಬಿಸಿ. ಬಲಗಡೆ ಕಾಲಂನ ಮೇಲೆ ಮೊದಲೇ "ಡೇಟ್" ಅಂತ ಹೆಡಿಂಗ್ ಹಾಕಿಟ್ಕೊಳ್ಳಿ.